ಹೊಸ ಅಳತೆ

ಅಪ್ಪನದು ಚಪ್ಪಲಿ ಹೊಲಿಯುವ ಕೆಲಸ. ರಸ್ತೆ ಬದಿಯ ಅವನ ಅಂಗಡಿಗೆ ಸುತ್ತಲ ಹೊಲಗಳಲ್ಲಿ ದುಡಿಯುವವರ ಕಾಲುಗಳೆಲ್ಲ ಬರುತ್ತಿದ್ದವು. ಒಡೆದ ಹಿಮ್ಮಡಿಯಿರಲಿ, ಸೊಟ್ಟ ಬೆರಳಿರಲಿ, ಅವನು ಮುಖ ಸಿಂಡರಿಸಿದವನಲ್ಲ. ಆದರೆ ಮಗಳ ಕಾಲು ಮಾತ್ರ ಅವನ ಕೈಗೆ ಸಿಗುತ್ತಿರಲಿಲ್ಲ.

ಹುಟ್ಟುವಾಗಲೇ ಅವಳ ಬಲಗಾಲಿನ ಹೆಬ್ಬೆರಳೂ ಪಕ್ಕದ ಬೆರಳೂ ಒಂದೇ ಚರ್ಮದಲ್ಲಿ ಅಂಟಿಕೊಂಡಿದ್ದವು. ಶಾಲೆಯಲ್ಲಿ ಯಾರೋ ‘ಬಾತುಕೋಳಿ’ ಎಂದ ದಿನದಿಂದ ಅವಳು ಅಪ್ಪನೆದುರು ಕೂಡ ಕಾಲುಚೀಲ ಬಿಚ್ಚುತ್ತಿರಲಿಲ್ಲ. ಅಪ್ಪ ಅದರ ಮೇಲಿಂದಲೇ ಅಂದಾಜು ಹಿಡಿದು ಒಂದು ಮರದ ಅಚ್ಚು ಕೆತ್ತಿದ್ದ. ಅವಳು ಬೆಳೆದಂತೆಲ್ಲ ಅದಕ್ಕೆ ತೊಗಲಿನ ಚೂರು ಅಂಟಿಸಿ ದೊಡ್ಡದು ಮಾಡುತ್ತ, ಅದರ ಮೇಲೆ ಮುಚ್ಚಿದ ಬೂಟು ಹೊಲಿಯುತ್ತಿದ್ದ.

“ಊರಿಗೆಲ್ಲ ಚಪ್ಪಲಿ ಹೊಲೀತೀಯ, ಮಗಳ ಕಾಲಿಗೆ ಮಾತ್ರ ಪೆಟ್ಟಿಗೆ ಮಾಡ್ತೀಯಲ್ಲೋ” ಎಂದು ಅಜ್ಜಿ ಮಗನನ್ನು ಕುಟುಕುತ್ತಿದ್ದಳು.

ಕೊನೆಗೆ ಬಾಯಿ ಬಿಟ್ಟವಳು ಮಗಳೇ. “ಬೆರಳು ಬೇರೆ ಮಾಡ್ಸಪ್ಪ. ನಂಗೂ ಬೆರಳಿಗೆ ಸಿಕ್ಕಿಸೋ ಚಪ್ಪಲಿ ಬೇಕು. ಕಾಲು ಮುಚ್ಚಿ ಮುಚ್ಚಿ ಸಾಕಾಗಿದೆ.”

ಆಸ್ಪತ್ರೆಯ ಡಾಕ್ಟರಮ್ಮ ಮಾತು ಕಡಿಮೆಯ ಹೆಂಗಸು. ಹುಡುಗಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲಿ ಕತ್ತರಿಸುತ್ತೇನೆಂದು ನೀಲಿ ಶಾಯಿಯಲ್ಲಿ ಬರೆದು ತೋರಿಸಿದಳು. ಗೆರೆ ಅಂಕುಡೊಂಕಾಗಿತ್ತು.

“ನೇರ ಕತ್ತರಿಸಿದ್ರೆ ಚೆಂದ ಅಲ್ವಾ?” ಎಂದ ಅಪ್ಪ.

“ನೀವು ಹೊಲಿಯೋ ತೊಗಲು ಬೆಳೆಯಲ್ಲ, ಇದು ಬೆಳೆಯುತ್ತೆ. ನೇರ ಗೆರೆ ಮುಂದೆ ಬಿಗಿದು ಬೆರಳನ್ನ ಎಳೆಯುತ್ತೆ.” ಪಾದದ ಮೇಲಿನ ಚರ್ಮದಲ್ಲೇ ಒಂದು ಪದರ ಮಡಚಿ ಬೆರಳ ಸಂದಿಗೆ ಹಾಸುವ ಬಗೆಯನ್ನೂ ಅವಳು ವಿವರಿಸಿದಳು. ಅಪ್ಪ ಅವಳ ಕೈಯನ್ನೇ ನೋಡುತ್ತ ಕೇಳಿದ. ಮನೆಗೆ ಬಂದು ತಾಯಿಗೆ, “ಅವಳ ಕೈ ನೋಡ್ಬೇಕಮ್ಮ, ಒಂದು ಚೂರೂ ದಂಡ ಮಾಡಲ್ಲ” ಎಂದ.

ಹೊಲಿಗೆ ಮಾಗಿ ಪಟ್ಟಿ ಬಿಚ್ಚಿದಾಗ ಬೆರಳುಗಳು ಬೇರೆಬೇರೆಯಾಗಿದ್ದವು, ನಡುವೆ ಒಂದು ಕೆಂಪು ಗೆರೆ.

“ತೃಪ್ತಿ ಆಯ್ತಾ?” ಎಂದಳು ಡಾಕ್ಟರಮ್ಮ.

“ಅಯ್ಯೋ, ಆಗ್ದೆ ಏನು!” ಎಂದ ಅಪ್ಪ.

“ನಿಮ್ಮನ್ನಲ್ಲ ಕೇಳಿದ್ದು.”

ಹುಡುಗಿ ಗೆರೆಯನ್ನೇ ನೋಡುತ್ತಿದ್ದಳು. “ಇನ್ನೂ ಗೊತ್ತಾಗ್ತಿಲ್ಲ.”

“ಗೊತ್ತಾದಾಗ ಬಂದು ಹೇಳು. ಅಲ್ಲೀ ತನಕ ನನ್ನ ಕೆಲಸ ಮುಗಿದಿಲ್ಲ.”

ಬಾವು ಇಳಿದು, ಚಪ್ಪಲಿ ಹಾಕಬಹುದೆಂದು ಡಾಕ್ಟರಮ್ಮ ಹೇಳಿದ ಮೇಲೂ ಕಾಲುಚೀಲ ಇಳಿಯಲಿಲ್ಲ. ಅಪ್ಪ ಗುಟ್ಟಾಗಿ ಮೆತ್ತನೆ ತೊಗಲಿನ ಚಪ್ಪಲಿ ಹೊಲಿದು ಅವಳ ಕೈಗಿಟ್ಟ. ಅಂಗಡಿಯಲ್ಲಿ ಹೊಲದವನೊಬ್ಬ ಪಟ್ಟಿ ಕಿತ್ತ ಚಪ್ಪಲಿ ಹಿಡಿದು ಕೂತಿದ್ದ. ಅವಳು ಗೋಡೆಗೆ ಮುಖ ಮಾಡಿ ಹಾಕಿ ನೋಡಿದಳು. ಬೆರಳ ನಡುವಿನ ಪಟ್ಟಿ ಸಂದಿಗೆ ಕೂರಲಿಲ್ಲ. ಕಿರುಬೆರಳು ಅಂಚಿನಾಚೆ ಚಾಚಿತು.

“ಆಪರೇಷನ್ ಸರಿಯಾಗಿಲ್ಲ ಅಲ್ವಾ ಅಪ್ಪ?” ಎಂದಳು ಅವಳು.

ಅಪ್ಪ ಅವಳ ಕಾಲನ್ನೇ ನೋಡಿದ. ಕಣ್ಣು ಗೂಟದಲ್ಲಿ ತೂಗುತ್ತಿದ್ದ ಅಚ್ಚಿನ ಮೇಲೆ ಬಿತ್ತು. ಅದನ್ನು ಕಿತ್ತು ಮೂಲೆಗೆಸೆದ.

“ಕಾಲು ಸರಿಯಾಗೇ ಇದೆ ಮಗಳೇ. ನಾನೇ ಬುದ್ಧಿಗೆಟ್ಟವನು, ಹಳೇ ಕಾಲಿನ ಅಚ್ಚಿಗೇ ಹೊಲಿದುಬಿಟ್ಟೆ. ಈಗ ಬೆರಳು ಅಗಲವಾಗಿ ಕೂತಿದೆ. ಅಳತೆ ಕೊಟ್ರೆ...” ಅಪ್ಪ ನೆಲದ ಮೇಲೆ ಕಾಗದ ಹಾಸಿದ.

ಅವಳು ಹೊಲದವನತ್ತ ಒಮ್ಮೆ ನೋಡಿದಳು, ಕಾಗದದತ್ತ ಒಮ್ಮೆ. ಆಮೇಲೆ ತಿರುಗಿ ಬರಿಗಾಲನ್ನು ಅದರ ಮೇಲೆ ಊರಿದಳು.

ಅಪ್ಪನ ಪೆನ್ಸಿಲು ಹೆಬ್ಬೆರಳನ್ನು ಸುತ್ತಿ, ಮೊದಲ ಸಲ, ಸಂದಿಯೊಳಕ್ಕೆ ಇಳಿಯಿತು.

“ಅಯ್ಯೋ, ಕಚಗುಳಿ!” ಎಂದು ಅವಳು ಕಿಲಕಿಲನೆ ನಕ್ಕಳು.

“ಅಲುಗಾಡ್ಬೇಡ, ಗೆರೆ ಹಾಳಾಗುತ್ತೆ” ಎಂದ ಅಪ್ಪ.

ಹೊಲದವನು ಬಗ್ಗಿ ನೋಡಿದ. “ಅಬ್ಬಾ, ಎಂಥಾ ಹೊಲಿಗೆ! ಇದೂ ನಿಂದೇನಯ್ಯಾ?”

“ಇಷ್ಟು ನಾಜೂಕು ನಂಗೆಲ್ಲಿ ಬರುತ್ತೆ!”

“ಡಾಕ್ಟರಮ್ಮಂದು. ಬೇಕಾದ್ರೆ ಮುಟ್ಟಿ ನೋಡಿ” ಎಂದು ಹುಡುಗಿ ಪಾದವನ್ನು ಅವನ ಮೂಗಿನವರೆಗೂ ಎತ್ತಿದಳು. ಒಳಗಿಂದ ಬಂದ ಅಜ್ಜಿ, “ಸಾಕು ಇಳಿಸೇ, ಅವರಿಗೆ ಒದ್ದುಬಿಟ್ಟೀಯ” ಎಂದು ಗದರಿದಳು.

“ಅಪ್ಪ, ನಾಳೆ ಆಸ್ಪತ್ರೆಗೆ ಹೋಗೋಣ. ಡಾಕ್ಟರಮ್ಮಂಗೆ ಒಂದು ಮಾತು ಹೇಳ್ಬೇಕು.”

“ಇರು, ಚಪ್ಪಲಿ ಆಗ್ಲಿ.”

“ಬೇಡ, ಬರಿಗಾಲಲ್ಲೇ ಬರ್ತೀನಿ.”