ಗುಲ್ಶನಳ ಚೀಲದಲ್ಲಿದ್ದ ಪೊಟ್ಟಣ

ಆನೆಗೊಂದಿಯಲ್ಲಿ ಬಾಳೆನಾರು ಹೆಣೆಯುವ ಹೆಂಗಸರಿಗೆಲ್ಲ ಗೊತ್ತು: ಹೊಸ ಮಾದರಿ ಯಾರ ಕೈಗೆ ಮೊದಲು ಬರುತ್ತದೋ ಆರ್ಡರೂ ಅವರದೇ. ಅವತ್ತು ಜೊತೆಗಾತಿ ಗುಲ್ಶನ ಮುಚ್ಚಿದ ಪೊಟ್ಟಣವೊಂದನ್ನು ಚೀಲಕ್ಕೆ ತುರುಕಿದ್ದು ಕಂಡು ದುರಗಮ್ಮನ ಹೊಟ್ಟೆ ಉರಿಯಿತು. ಅಲ್ಲ, ಹೆಣಿಗೆ ಯಾರದು ನೇರ? ತನ್ನದು. ಮಾದರಿ ಮಾತ್ರ ಇವಳಿಗೆ. ಮೂರು ತಿಂಗಳ ಬಸುರಿ ಎಂಬುದನ್ನೂ ಮರೆತು ಕುದಿದಳು. ಊಟದ ಹೊತ್ತಿಗೆ ಗುಲ್ಶನ ಕೈತೊಳೆಯಲು ಹೋದದ್ದೇ ತಡ, ಪೊಟ್ಟಣ ದುರಗಮ್ಮನ ಸೆರಗಿನೊಳಗಿತ್ತು.

ಮನೆಯಲ್ಲಿ ಬಿಚ್ಚಿದರೆ ಹೆಣಿಗೆಯೂ ಇಲ್ಲ, ನಾರೂ ಇಲ್ಲ. ಚಿಕ್ಕ ಸೂಜಿ, ಬಿಳಿ ಪಟ್ಟಿ, ‘ಎಚ್‌ಐವಿ ಸ್ವಯಂ ಪರೀಕ್ಷೆ’ ಎಂಬ ಚೀಟಿ. ನಾಚಿಕೆಯಾಗಿ ಸಂಜೆ ಗುಲ್ಶನಳ ಮನೆಗೆ ಹೋದಳು. ಅಲ್ಲಿ ಆರೋಗ್ಯ ಕಾರ್ಯಕರ್ತೆ ಶೋಭಾರಾಣಿಯೂ ಕೂತಿದ್ದರು.

“ತಗೋ ನಿಂದು. ಹೊಸ ಮಾದರಿ ಅಂದ್ಕೊಂಡು ಕದ್ದೆನವಾ. ನನ್ನ ಹೊಟ್ಟಿಕಿಚ್ಚು ಸುಡ್ಲಿ.”

ಗುಲ್ಶನ ನಕ್ಕುಬಿಟ್ಟಳು. “ಕೇಳಿದ್ರ ನಿನಗೂ ಕೊಡಿಸ್ತಿದ್ದೆ, ದುರಗಕ್ಕ. ನಮ್ಮನಿಯವ್ರು ಆರು ತಿಂಗಳು ಗೋವಾದಾಗ ದುಡೀತಾರ. ದವಾಖಾನಿಗೆ ಹೋದ್ರ ಊರೆಲ್ಲ ಕೇಳತೈತಿ. ಇದನ್ನ ಮನ್ಯಾಗ ಮಾಡ್ಕೋಬಹುದು.”

“ನನಗ್ಯಾಕವಾ? ನಮ್ಮನಿಯವ್ರು ಅಂಥಾವ್ರಲ್ಲ.”

“ರೋಗಕ್ಕ ಅಂಥಾವ್ರು ಇಂಥಾವ್ರು ಅಂತ ಇಲ್ಲ,” ಎಂದರು ಶೋಭಾರಾಣಿ. “ನೀನು ಬಸುರಿ ಅದಿ. ಮೊದಲ ಗೊತ್ತಾದ್ರ ಕೂಸಿಗೆ ಹತ್ತದಂಗ ನೋಡ್ಕೋಬಹುದು.”

ಕೂಸಿನ ಮಾತು ಬಂದ ಮೇಲೆ ದುರಗಮ್ಮ ಒಪ್ಪಿದಳು. ಶೋಭಾರಾಣಿ ಹೊಸ ಪೊಟ್ಟಣ ಎರಡು ತೆಗೆದರು. ಇಬ್ಬರೂ ಚೀಟಿಯಲ್ಲಿದ್ದಂತೆ ಬೆರಳು ಚುಚ್ಚಿ, ಹನಿ ರಕ್ತ ಬಿಟ್ಟು, ಹೇಳಿದಷ್ಟು ನಿಮಿಷ ಕಾದರು. ಗುಲ್ಶನಳದು ಒಂದು ಗೆರೆ, ಸೋಂಕು ಕಂಡಿಲ್ಲ. ದುರಗಮ್ಮನದು ಎರಡು, ಸೋಂಕಿರಬಹುದು.

ಆ ಒಂದು ಗೆರೆ ನೋಡಿ ಹುಟ್ಟಿದಂಥ ಹೊಟ್ಟೆಕಿಚ್ಚು ದುರಗಮ್ಮನಿಗೆ ಯಾವ ಆರ್ಡರಿಗೂ ಹುಟ್ಟಿರಲಿಲ್ಲ. “ಛಲೋದೆಲ್ಲ ಇಕಿಗೇ ಬರತೈತಿ,” ಎಂದು ಅತ್ತಳು. ಗುಲ್ಶನ ಸಿಟ್ಟಾಗಲಿಲ್ಲ, ಹಿಡಿದ ಕೈ ಬಿಡಲೂ ಇಲ್ಲ.

“ಎರಡು ಗೆರಿ ಬಂದ್ರ ಮುಗೀತು ಅಂತಲ್ಲ,” ಎಂದರು ಶೋಭಾರಾಣಿ. “ ನಾಳೆ ಗಂಗಾವತಿ ದವಾಖಾನ್ಯಾಗ ಮತ್ತ ಪರೀಕ್ಷಾ ಮಾಡಸೂಣು. ರೋಗ ಐತಿ ಅಂದ್ರೂ ಗುಳಿಗಿ ಪುಕ್ಕಟ. ಗುಲ್ಶನ, ನೀನೂ ಮೂರು ತಿಂಗಳಿಗೆ ಮತ್ತ ನೋಡ್ಕೋ. ಹೊಸದಾಗಿ ಹತ್ತಿದ್ರ ಲಗೂನ ಕಾಣಂಗಿಲ್ಲ.”

ಗಂಗಾವತಿಯಲ್ಲೂ ಅದೇ ಫಲಿತಾಂಶ. ಭತ್ತ ಕೊಯ್ಯುವ ಯಂತ್ರದ ಹಿಂದೆ ಊರೂರು ತಿರುಗುವ ಗಂಡ ಓಬಳೆಪ್ಪ “ನನಗ್ಯಾಕ ಪರೀಕ್ಷಾ?” ಎಂದು ದವಾಖಾನೆಯ ಬಾಗಿಲಲ್ಲೇ ನಿಂತ. ದುರಗಮ್ಮನಿಗೆ ಬೈಯಬೇಕೆನಿಸಿತು, ಬೈಯಲಿಲ್ಲ. “ಕೂಸು ನಿಮ್ದೂ ಹೌದಲ್ರಿ?” ಎಂದಳು. ಅವನು ತಲೆ ತಗ್ಗಿಸಿ ಒಳಗೆ ಹೋದ. ಅವನಿಗೂ ಸೋಂಕಿತ್ತು.

ಇಬ್ಬರೂ ದಿನಾ ಗುಳಿಗೆ ನುಂಗುತ್ತಾರೆ, ದುಡಿಯುತ್ತಾರೆ. ಮಗಳಿಗೀಗ ಎರಡು ವರ್ಷ. ವೈದ್ಯರು ಹೇಳಿದ ಪರೀಕ್ಷೆಗಳೆಲ್ಲ ಮುಗಿದಿವೆ. ಅವಳಿಗೆ ಸೋಂಕು ತಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಉಚಿತ, ಹೆಸರು ಗುಟ್ಟಾಗಿರುತ್ತದೆ. ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆ ನಿಮ್ಮ ಕಡೆ ಸಿಗುತ್ತದೆಯೇ ಎಂದು ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಗಂಡ ಹೆಂಡತಿ ಇಬ್ಬರೂ ಮಾಡಿಸಿಕೊಳ್ಳಿ. ಹೊಟ್ಟೆಯಲ್ಲಿರುವ ಕೂಸು ತಾನಾಗಿ ಬಂದು ಕೇಳಲಾರದು. ಅದರ ಪರವಾಗಿ ನೀವೇ ಕೇಳಬೇಕು.