ಒಂದುಸಿರಿಗೆ ಒಂದು ಸಾಲು

ಆ ಗಂಟಲು ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಟೇಬಲಕ್ಕ ಎಂದೇ ಕರೆಯುತ್ತಿದ್ದರು. ರೋಗಿಗಳ ವಿವರ, ಫೋಟೋ, ವರದಿ ಎಲ್ಲವನ್ನೂ ಕಂಪ್ಯೂಟರಿನೊಳಗೆ ಟೇಬಲ್ ಟೇಬಲ್ ಮಾಡಿ ಜೋಡಿಸಿಟ್ಟವಳು ಅವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ದೊಡ್ಡ ಡಾಕ್ಟರು ಫೈಲು ಎಲ್ಲಿ ಎಂದಾಗಲೆಲ್ಲ ಟೇಬಲ್ಲಿನಲ್ಲಿದೆ ಅನ್ನುತ್ತಿದ್ದಳಂತೆ. ಅವರು ಮೇಜಿನ ಮೇಲೆಲ್ಲ ತಡಕಾಡಿ ಬೇಸತ್ತು ಈ ಹೆಸರಿಟ್ಟರು. ಇಟ್ಟವರು ನಿವೃತ್ತರಾಗಿ ಹೋದರು, ಹೆಸರು ಮಾತ್ರ ಇವಳಿಗೆ ಅಂಟಿಕೊಂಡಿತು.

ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. ತನ್ನ ಟೇಬಲ್ಲಿನೊಳಗೆ ಹೋದದ್ದು ಕೇಳಿದಾಗ ಹೊರಗೆ ಬರದೆ ಇದ್ದದ್ದೇ ಇಲ್ಲ ಎನ್ನುವುದು ಅವಳ ಹೆಮ್ಮೆ. ಹದಿನೈದು ವರ್ಷ ಆ ಹೆಮ್ಮೆಗೆ ಒಂದು ಗೀರೂ ಬಿದ್ದಿರಲಿಲ್ಲ. ಬಿದ್ದದ್ದು ಒಂದು ಸೋಮವಾರ ಬೆಳಗ್ಗೆ, ಕಂಡಕ್ಟರು ಅವಳ ಕೋಣೆಯ ಬಾಗಿಲು ತಟ್ಟಿದಾಗ.

ಕಂಡಕ್ಟರು ಮೂವತ್ತು ವರ್ಷ ಬಸ್ಸಿನಲ್ಲಿ ಸ್ಟಾಪುಗಳ ಹೆಸರು ಕೂಗಿದವರು. ಹದಿನಾಲ್ಕು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಅವರ ಧ್ವನಿಪೆಟ್ಟಿಗೆಯನ್ನು ತೆಗೆದು ಜೀವ ಉಳಿಸಿದ್ದರು. ಅಂದಿನಿಂದ ಕುತ್ತಿಗೆಯ ಕೆಳಗಿನ ತೂತಿನಲ್ಲಿ ಉಸಿರಾಟ, ಹೆಗಲಿಗೆ ನೇತುಹಾಕಿದ ಸ್ಲೇಟಿನಲ್ಲಿ ಮಾತು. ಹನ್ನೆರಡು ವರ್ಷ ಸ್ಲೇಟು ಸಾಕಾಗಿತ್ತು. ಆಮೇಲೆ ಹೆಂಡತಿಯ ಕಣ್ಣು ಮಂಜಾಗುತ್ತ ಬಂತು. ಈಗ ಆಕೆಗೆ ಕಾಣುವುದು ಬೆಳಕು ಮತ್ತು ನೆರಳು, ಅಷ್ಟೇ. ಗಂಡ ಮೇಜಿನ ಮೇಲೆ ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ. ಮೂವತ್ತೆಂಟು ವರ್ಷದ ಸಂಸಾರ ಹೌದು ಇಲ್ಲಗಳಿಗೆ ಇಳಿದು ಕೂತಿತ್ತು.

ಬರೆದದ್ದನ್ನು ಓದಿ ಹೇಳುವ ಪುಟ್ಟ ಯಂತ್ರವೊಂದನ್ನು ಆಸ್ಪತ್ರೆಯವರು ಕೊಡಲು ಒಪ್ಪಿದ್ದರು. ಆದರೆ ಅದರೊಳಗಿದ್ದದ್ದು ಯಾರದೋ ಸಿದ್ಧ ದನಿ. ಕೇಳಿಸಿದಾಗ ಹೆಂಡತಿ ಎದ್ದು ಹೊರಟೇಬಿಟ್ಟರಂತೆ. "ಯಾರೋ ಗಂಡಸು ಮನೇಲಿ ಕೂತ್ಕೊಂಡು ನನ್ನನ್ನ ನೀನು ತಾನು ಅಂತ ಮಾತಾಡ್ಸಿದ್ರೆ ನಾನು ಹೇಗೆ ಇರ್ಲಿ? ಅದರ ಬದಲು ಮೇಜು ತಟ್ಟೋದೇ ಮೇಲು," ಎಂದಿದ್ದರು. ಯಂತ್ರದವರು ಒಂದು ದಾರಿ ತೋರಿಸಿದರು: ಕಂಡಕ್ಟರದೇ ಹಳೆಯ ದನಿ ಎರಡು ನಿಮಿಷದಷ್ಟು ಸಿಕ್ಕರೆ, ಅದರ ಅಚ್ಚಿನಲ್ಲೇ ಯಂತ್ರ ಮಾತಾಡುವಂತೆ ಮಾಡಬಹುದು. ಮನೆಯಲ್ಲಿ ಅವರ ದನಿ ಎಲ್ಲೂ ಇರಲಿಲ್ಲ. ಆಗಿನ ಫೋನುಗಳಲ್ಲಿ ಯಾರು ಯಾರ ದನಿ ಹಿಡಿದಿಟ್ಟುಕೊಳ್ಳುತ್ತಿದ್ದರು? ಆದರೆ ಆಪರೇಷನ್ನಿನ ಹಿಂದಿನ ದಿನ ಇಲ್ಲಿನ ಸಿಸ್ಟರೊಬ್ಬರು ಒಂದು ಪುಟ ಓದಿಸಿ ರೆಕಾರ್ಡ್ ಮಾಡಿಕೊಂಡದ್ದು ಕಂಡಕ್ಟರಿಗೆ ನೆನಪಿತ್ತು. ಅದನ್ನೇ ಸ್ಲೇಟಿನಲ್ಲಿ ಬರೆದು ತೋರಿಸಿದರು.

ಟೇಬಲಕ್ಕ ಕೂತುಕೊಳ್ಳಿ ಎಂದು ಕುರ್ಚಿ ಎಳೆದು, ಅವರ ನಂಬರು ಹಾಕಿ, ಸ್ಪೀಕರಿನ ದನಿ ಜೋರು ಮಾಡಿ ಗುಂಡಿ ಒತ್ತಿದಳು.

"ನದಿಯ ದಡದಲ್ಲಿ ಒಂದು ಹಳೆಯ ಮರವಿತ್ತು. ಅದರ ಕೆಳಗೆ ದಿನವೂ ಮೂವರು ಗೆಳೆಯರು ಕೂತು..."

ಅಲ್ಲಿಗೆ ನಿಂತಿತು. ಮತ್ತೆ ಒತ್ತಿದಳು. ಮೂವರು ಗೆಳೆಯರು ಮತ್ತೆ ಮರದ ಕೆಳಗೆ ಕೂತು ಮತ್ತೆ ಮಾಯವಾದರು. ತಮ್ಮ ದನಿಯನ್ನು ಹದಿನಾಲ್ಕು ವರ್ಷದ ಮೇಲೆ ಕೇಳಿದ ಕಂಡಕ್ಟರು ಕಣ್ಣರಳಿಸಿ, ಮುಂದಿನದಕ್ಕಾಗಿ ಕಾಯುತ್ತ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಬೇರೆ ರೋಗಿಯ ನಂಬರು ಹಾಕಿ ನೋಡಿದಳು, ಇನ್ನೊಬ್ಬರದು, ಮತ್ತೊಬ್ಬರದು. ಯಾರ ದನಿಯೂ ಎಂಟು ಸೆಕೆಂಡಿನ ಆಚೆ ಹೋಗಲಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕಲು ಹೋಗಬೇಕಾಗಿರಲಿಲ್ಲ, ಎದುರಿಗೇ ಕೂತು ಹಲ್ಲು ಕಿರಿಯುತ್ತಿತ್ತು.

ಫೋಟೋ, ದನಿಗಳಂಥವನ್ನು ಟೇಬಲ್ಲಿನಲ್ಲಿ ಇಡಬೇಕಾದರೆ ಅದಕ್ಕೆಂದೇ ಒಂದು ಬಗೆಯ ಕಾಲಂ ಇರುತ್ತದೆ. ಬ್ಲಾಬ್ ಎನ್ನುತ್ತಾರೆ. ಒಳಗಿರುವುದು ಮುಖವೋ ಹಾಡೋ ಅದಕ್ಕೆ ಗೊತ್ತಿಲ್ಲ, ಕೊಟ್ಟದ್ದನ್ನು ಗಂಟು ಕಟ್ಟಿ ಇಟ್ಟುಕೊಳ್ಳುತ್ತದೆ. ಅದರಲ್ಲೂ ಸಣ್ಣದು ದೊಡ್ಡದು ಅಂತ ಅಳತೆಗಳಿವೆ. ಹೊಸದರಲ್ಲಿ ಟೇಬಲಕ್ಕ ರೋಗಿಗಳ ಪಾಸ್‌ಪೋರ್ಟ್ ಅಳತೆಯ ಫೋಟೋಗಳಿಗೆಂದು ಅರವತ್ತನಾಲ್ಕು ಕೆಬಿ ಹಿಡಿಯುವ ಸಣ್ಣದನ್ನು ಆರಿಸಿದ್ದಳು. ಫೋಟೋಗಳು ಸಲೀಸಾಗಿ ಒಳಗೆ ಹೋಗಿ ಹೊರಗೆ ಬಂದವು. ವರ್ಷ ಕಳೆದ ಮೇಲೆ ದನಿಯನ್ನೂ ಇಡಬೇಕು ಎಂದಾಗ ತಾನೇ ಮೈಕಿನ ಮುಂದೆ ಒಂದು, ಎರಡು, ಮೂರು ಎಂದು ಹೇಳಿ ಪರೀಕ್ಷಿಸಿದಳು. ಮೂರೂ ಸರಿಯಾಗಿ ವಾಪಸು ಬಂದವು. ಮುಗಿಯಿತು, ಅದೇ ಕಾಲಮ್ಮಿಗೆ ದನಿಗಳನ್ನೂ ತುಂಬಿಸಿದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಆಗಿನ ಆ ಡೇಟಾಬೇಸಾದರೋ ಹಾಸಿಗೆ ಮೀರಿದ ಕಾಲನ್ನು ಕತ್ತರಿಸಿ, ತುಟಿಪಿಟಕ್ಕೆನ್ನದೆ ಸುಮ್ಮನಿರುವ ಜಾತಿಯದು. ಅರವತ್ತನಾಲ್ಕು ಕೆಬಿಗೆ ಹಿಡಿಸುತ್ತಿದ್ದದ್ದು ಎಂಟು ಸೆಕೆಂಡು. ಟೇಬಲ್ಲಿನಲ್ಲಿದೆಯಲ್ಲ ಎಂಬ ಧೈರ್ಯದ ಮೇಲೆ ಮೂಲ ರೆಕಾರ್ಡಿಂಗುಗಳನ್ನು ವಾರಕ್ಕೊಮ್ಮೆ ಅಳಿಸಿಯೂ ಬಿಡುತ್ತಿದ್ದರು. ಆ ಧೈರ್ಯ ಕೊಟ್ಟವಳೂ ಅವಳೇ.

ಮಷೀನು ಹಳೆಯದು, ವೈರಿಂಗು ಸರಿಯಿಲ್ಲ ಎಂದು ಏನಾದರೂ ಹೇಳಿ ಕಳಿಸಬಹುದಿತ್ತು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದುಕೊಂಡು ಬಾಯಿಬಿಟ್ಟಳು. "ಇದು ಮಷೀನಿನ ತಪ್ಪಲ್ಲ, ನನ್ನದು. ನಿಮ್ಮ ಮಾತಿಗೆ ನಾನು ಸಾಕಷ್ಟು ಜಾಗ ಇಟ್ಟಿರ್ಲಿಲ್ಲ."

ಕಂಡಕ್ಟರು ಸ್ಲೇಟು ಎತ್ತಿಕೊಂಡು, ಎಂಟು ಸೆಕೆಂಡಿನಲ್ಲಿ ಬಸ್ಸು ಒಂದು ಸ್ಟಾಪೂ ದಾಟುವುದಿಲ್ಲ ಎಂದು ಬರೆದು ತೋರಿಸಿದರು. ನಗುವಿನ ಗೆರೆಯೊಂದು ಬಂದು ಹೋಯಿತು. ಆಮೇಲೆ ಅದನ್ನು ಒರೆಸಿ, ಮನೆಯಲ್ಲಿ ಹೆಂಡತಿಗೆ ಏನಂತ ಹೇಳಲಿ ಎಂದು ಬರೆದರು. ಬರೆದದ್ದನ್ನು ತಾವೇ ನೋಡಿ, ಹೇಳುವುದಕ್ಕಾದರೂ ನನಗೆ ಬಾಯಿ ಎಲ್ಲಿದೆ ಎನ್ನುವಂತೆ ತಲೆಯಾಡಿಸಿ ಅದನ್ನೂ ಒರೆಸಿಬಿಟ್ಟರು. ಟೇಬಲಕ್ಕನಿಗೆ ಅಳು ಬಂತು. ಅವರು ಹೋಗುವವರೆಗೆ ತಡೆದುಕೊಂಡಳು.

ಕೈಕಟ್ಟಿ ಕೂರಲು ಸಮಯವೂ ಇರಲಿಲ್ಲ. ಬರುವ ಶನಿವಾರ ಹಳೆಯ ಡೇಟಾಬೇಸನ್ನು ಮುಚ್ಚಿ ಎಲ್ಲವನ್ನೂ ಹೊಸದಕ್ಕೆ ಸಾಗಿಸುವುದೆಂದು ನಿಗದಿಯಾಗಿತ್ತು. ಸಾಗಿಸುವ ಕಂಪನಿಯವರು ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಸ್ಕ್ರೀನಿನಲ್ಲಿ ಏನು ಕಾಣುತ್ತದೋ ಅದನ್ನಷ್ಟೇ ಒಯ್ಯುತ್ತೇವೆ, ಉಳಿದದ್ದನ್ನು ಅಳಿಸುತ್ತೇವೆ ಎಂದು ಪತ್ರದಲ್ಲೇ ಬರೆದುಕೊಟ್ಟಿದ್ದರು. ಅವಳಿಗೆ ಉಳಿದ ಒಂದೇ ಆಸೆ, ದನಿ ಹಿಡಿದ ಸಿಸ್ಟರು. ಎಲ್ಲಾದರೂ ಒಂದು ಹಳೆಯ ಪ್ರತಿ ಇಟ್ಟುಕೊಂಡಿದ್ದರೆ?

ಸ್ವರದ ಸಿಸ್ಟರು ಎಂದೇ ಆಸ್ಪತ್ರೆಯಲ್ಲಿ ಹೆಸರಾದ ಅವರು ನಿವೃತ್ತರಾಗಿ ಆರು ವರ್ಷವಾಗಿತ್ತು. ಬಸ್ಸು ಡಿಪೋ ಹಿಂದಿನ ಕಟ್ಟಡದ ಮೂರನೇ ಮಹಡಿಯಲ್ಲಿ ವಾಸ. ಟೇಬಲಕ್ಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಹೋದಾಗ ಅವರು ಬಾಲ್ಕನಿಯಲ್ಲಿ ಕುಂಡಗಳ ಮಣ್ಣು ಸಡಿಲಿಸುತ್ತಿದ್ದರು. ಇವಳು ನಿಂತಲ್ಲೇ ತಪ್ಪೊಪ್ಪಿಗೆ ಶುರುಮಾಡಿದಳು. ಅಳತೆ, ಕಾಲಂ, ಎಂಟು ಸೆಕೆಂಡು ಎಂದು ಒಂದೇ ಸಮನೆ ಹೇಳುತ್ತ ಹೋದಳು. ಸಿಸ್ಟರು ಮಣ್ಣಿನ ಕೈಯಲ್ಲೇ ತಡೆದರು.

"ಎಂಟು ಸೆಕೆಂಡಿಗೆ ಅದು ಕೆಮ್ಮುತ್ತೆ ಅಂತ ನನಗೆ ಮೊದಲನೇ ವಾರಾನೇ ಗೊತ್ತಿತ್ತು ಕಣಮ್ಮ. ನಿನಗೆ ಫೋನೂ ಮಾಡಿದ್ದೆ. ಆಫ್ ಮಾಡಿ ಆನ್ ಮಾಡಿ ಸಿಸ್ಟರ್ ಅಂತ ನೀನಂದೆ. ಮಾಡ್ದೆ, ಹಾಗೇ ಇತ್ತು. ಆಮೇಲೆ ನಿನ್ನ ಕೇಳೋದನ್ನೇ ಬಿಟ್ಟೆ."

ಟೇಬಲಕ್ಕನಿಗೆ ಆ ಫೋನು ನೆನಪಿರಲಿಲ್ಲ. ಹಾಗೆ ಹೇಳಿಯೇ ಇರುತ್ತೇನೆ ಎಂಬುದರಲ್ಲಿ ಮಾತ್ರ ಸಂಶಯವಿರಲಿಲ್ಲ, ದಿನಕ್ಕೆ ಹತ್ತು ಜನಕ್ಕೆ ಅದನ್ನೇ ಹೇಳುತ್ತಿದ್ದಳು.

ಸಿಸ್ಟರಿಗೊಂದು ಅಭ್ಯಾಸವಿತ್ತು. ರೆಕಾರ್ಡ್ ಮಾಡಿ ಸೇರಿಸಿದ ತಕ್ಷಣ ಆ ಸೇರಿಸಿದ್ದನ್ನೇ ಒಮ್ಮೆ ಕೇಳಿ ನೋಡದೆ ರೋಗಿಯನ್ನು ಎಬ್ಬಿಸುತ್ತಿರಲಿಲ್ಲ. ಹಾಗೆ ಕೇಳಿದಾಗಲೇ ಕತ್ತರಿ ಬಿದ್ದದ್ದು ತಿಳಿದಿತ್ತು. ಇಡೀ ಪುಟ ಒಟ್ಟಿಗೆ ಓದಿಸಬೇಕೆಂಬುದು ನಿಯಮ, ನಿಯಮದ ಮರ್ಯಾದೆಗೆ ಮೊದಲು ಹಾಗೆ ಒಂದು ಸಲ ಓದಿಸುತ್ತಿದ್ದರು. ಅದಾದ ಮೇಲೆ ತಮ್ಮದೇ ಲೆಕ್ಕ. ಒಂದುಸಿರಿಗೆ ಎಷ್ಟು ಬರುತ್ತೋ ಅಷ್ಟು ಓದಿ, ನಿಲ್ಲಿಸಿ ಎನ್ನುತ್ತಿದ್ದರು. ಸೇರಿಸುವುದು, ಕೇಳುವುದು, ಮತ್ತೆ ಮುಂದಿನ ಉಸಿರು. ನೋಯುವ ಗಂಟಲಿನವರಿಗೂ ಅದೇ ಹಿತವಾಗಿತ್ತಂತೆ. ಪುಟ ಮುಗಿದ ಮೇಲೆ ನಿಮಗೆ ತೋಚಿದ್ದು ಏನಾದರೂ ಹೇಳಿ ಎಂದು ಇನ್ನೂ ಕೆಲವು ಉಸಿರು ಹಿಡಿದಿಡುತ್ತಿದ್ದರು. ಎಲ್ಲವೂ ನಿನ್ನ ಟೇಬಲ್ಲಿನಲ್ಲೇ ಇದೆ, ಹೋಗಿ ನೋಡು ಎಂದು ಮತ್ತೆ ಕುಂಡದ ಕಡೆ ತಿರುಗಿದರು.

ಟೇಬಲಕ್ಕ ಆಸ್ಪತ್ರೆಗೆ ಹೆಚ್ಚುಕಡಿಮೆ ಓಡಿಕೊಂಡೇ ಬಂದಳು. ಚಪ್ಪಲಿ ಕಿತ್ತುಹೋದದ್ದು ಕೋಣೆಗೆ ಬಂದ ಮೇಲೆ ಗೊತ್ತಾಯಿತು. ಸ್ಕ್ರೀನಿನ ಗೊಡವೆ ಬಿಟ್ಟು ನೇರವಾಗಿ ಡೇಟಾಬೇಸನ್ನೇ ಕೇಳಿದಳು. ಇಷ್ಟು ವರ್ಷ ಅವಳು ಬರೆದಿಟ್ಟ ಸ್ಕ್ರೀನು ಕೇಳುತ್ತಿದ್ದದ್ದು, ಈ ನಂಬರಿನವರ ದನಿ ಮೊದಲನೆಯದು ಒಂದು ಕೊಡು ಎಂದು. ಅದು ಒಂದು ಕೊಡುತ್ತಿತ್ತು. ಇನ್ನೂ ಇದೆಯಾ ಎಂದು ಇವಳು ಕೇಳಲಿಲ್ಲ, ಅದೂ ತಾನಾಗಿ ಹೇಳಲಿಲ್ಲ. ಈಗ ಒಂದು ಎಂಬುದನ್ನು ತೆಗೆದು, ಈ ನಂಬರಿನವರದು ಎಷ್ಟಿದೆಯೋ ಅಷ್ಟನ್ನೂ ಹೊತ್ತಿನ ಕ್ರಮದಲ್ಲಿ ಕೊಡು ಎಂದು ಬರೆದಳು. ಗುಂಡಿ ಒತ್ತಿದಳು.

ಮೂವತ್ತನಾಲ್ಕು ಸಾಲು ಬಂದವು. ಮೊದಲನೆಯದು ಕತ್ತರಿ ಬಿದ್ದ ಪುಟ. ಆಮೇಲಿನದೆಲ್ಲ ಆರು ಸೆಕೆಂಡು, ಏಳು ಸೆಕೆಂಡು, ಐದೂವರೆ. ಒಂದಕ್ಕೂ ಕತ್ತರಿ ತಾಗಿರಲಿಲ್ಲ. ಒಂದೊಂದನ್ನೂ ಫೈಲು ಮಾಡಿ ಹೊರಗೆ ತೆಗೆದು ಜೋಡಿಸಿದರೆ ಮೂರು ನಿಮಿಷದ ಮೇಲಾಯಿತು. ಹಾಗೆಯೇ ಇನ್ನೊಂದು ಪ್ರಶ್ನೆ ಕೇಳಿದಳು. ನಾನೂರ ಹನ್ನೆರಡು ರೋಗಿಗಳಿಗೆ ಒಂಬತ್ತು ಸಾವಿರದ ಚಿಲ್ಲರೆ ಸಾಲುಗಳಿದ್ದವು. ಯಾರೂ ಕೇಳದೆ, ಯಾರಿಗೂ ಕಾಣದೆ ಅಷ್ಟೂ ಉಸಿರುಗಳು ಅವಳ ಟೇಬಲ್ಲಿನಲ್ಲೇ ಇದ್ದವು. ಟೇಬಲಕ್ಕ ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕಳು. ಅಂಥ ಸಂತೋಷ ಅವಳಿಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಬುಧವಾರ ಕಂಡಕ್ಟರು ಹೆಂಡತಿಯ ಕೈಹಿಡಿದು ಕರೆತಂದರು. ಆಕೆ ಕುರ್ಚಿಯ ತುದಿಯಲ್ಲಿ, ಬೇಡದ ನೆಂಟರ ಮನೆಗೆ ಬಂದವರಂತೆ ಬಿಗಿಯಾಗಿ ಕೂತರು. ಟೇಬಲಕ್ಕ ಒಂದೊಂದೇ ಸಾಲನ್ನು ಕೇಳಿಸಿದಳು. ನದಿ, ಮರ, ಮೂವರು ಗೆಳೆಯರು. ಮೂರನೆಯ ಸಾಲಿಗೆ ಆಕೆಯ ಬೆನ್ನು ಸಡಿಲವಾಯಿತು. ಇವರೇ, ಓದುವಾಗ ಹೀಗೇ ಮೂಗಿನಲ್ಲಿ ಓದುತ್ತಾರೆ ಎಂದರು. ಪುಟ ಮುಗಿದ ಮೇಲೆ ಬಸ್ಸಿನ ಸ್ಟಾಪುಗಳ ಹೆಸರು ಬಂದವು, ಹಿಂದೆ ಸರಿಯಿರಿ, ಒಳಗೆ ಜಾಗ ಇದೆ ಎಂಬ ಗದರಿಕೆ ಬಂತು. ಕೊನೆಯ ಸಾಲಿನಲ್ಲಿ ಕಂಡಕ್ಟರು ಮೈಕು ಇನ್ನೂ ತೆರೆದಿದೆ ಎಂಬುದು ಗೊತ್ತಿಲ್ಲದೆ ಸಿಸ್ಟರಿಗೆ ಮೆಲ್ಲಗೆ ಹೇಳುತ್ತಿದ್ದರು:

"ಹೊರಗಡೆ ಕೂತಿದ್ದಾಳಲ್ಲ, ಬೆಳಗ್ಗಿಂದ ಏನೂ ತಿಂದಿಲ್ಲ ಅವಳು. ನಾನು ಹೇಳಿದ್ರೆ ಕೇಳಲ್ಲ. ನೀವಾದ್ರೂ ಒಂದು ಮಾತು ಹೇಳಿ, ಸಿಸ್ಟರ್."

ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡರು. "ಆವತ್ತು ಆ ಸಿಸ್ಟರು ಬಂದು ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ರು, ತಿನ್ನೋವರೆಗೂ ಎದುರಿಗೇ ನಿಂತಿದ್ರು. ಯಾಕೆ ಅಂತ ನನಗೆ ಇವತ್ತಿನವರೆಗೂ ಗೊತ್ತಿರ್ಲಿಲ್ಲ," ಎಂದರು. ಕಂಡಕ್ಟರು ಬೇರೆ ಕಡೆ ಮುಖ ಮಾಡಿ ಸ್ಲೇಟನ್ನು ಸುಮ್ಮನೆ ಒರೆಸುತ್ತ ಕೂತಿದ್ದರು. ಅದರ ಮೇಲೆ ಏನೂ ಬರೆದಿರಲಿಲ್ಲ.

ಶನಿವಾರದೊಳಗೆ ಟೇಬಲಕ್ಕ ಒಂಬತ್ತು ಸಾವಿರ ಸಾಲನ್ನೂ ದೊಡ್ಡ ಅಳತೆಯ ಕಾಲಂ ಇರುವ ಹೊಸ ಟೇಬಲ್ಲಿಗೆ ತಾನೇ ಸಾಗಿಸಿದಳು. ಸ್ಕ್ರೀನಿನ ಪ್ರಶ್ನೆಯನ್ನೂ ತಿದ್ದಿದಳು. ಕಂಪನಿಯವರು ಇದು ಒಪ್ಪಂದದಲ್ಲಿಲ್ಲ ಎಂದರು. ಒಪ್ಪಂದದಲ್ಲಿ ನನ್ನ ತಪ್ಪೂ ಇಲ್ಲ ಎಂದು ಹೇಳಿ ಬಾಯಿ ಮುಚ್ಚಿಸಿದಳು.

ಮೂರು ವಾರದ ಮೇಲೆ ಯಂತ್ರ ಸಿದ್ಧವಾಯಿತು. ಕೊಡುವ ದಿನ ಟೇಬಲಕ್ಕನೂ ಡಾಕ್ಟರ ಕೋಣೆಯಲ್ಲಿ ಗೋಡೆಗೊರಗಿ ನಿಂತಿದ್ದಳು. ಹೆಂಡತಿ ಎಂದಿನಂತೆ ಗಂಡನ ಪರವಾಗಿ ತಾವೇ ಮಾತಾಡುತ್ತಿದ್ದರು. ಇವರಿಗೆ ದಪ್ಪ ಅಕ್ಷರ ಬೇಕು, ಇವರ ಬೆರಳು ನಿಧಾನ, ಇವರಿಗೆ ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ, ಇವರು ಕೇಳುವುದೇನೆಂದರೆ ಎಂದು ಒಂದೇ ಸಮನೆ ಹೇಳುತ್ತಿದ್ದಾಗ ಪಕ್ಕದಿಂದ ಮಾತು ಕೇಳಿಸಿತು.

"ನೀನು ಸ್ವಲ್ಪ ಸುಮ್ನಿರು. ನಾನೇ ಹೇಳ್ತೀನಿ."

ಅದೇ ದನಿ, ಸ್ವಲ್ಪ ಮೂಗಿನಲ್ಲಿ. ಹೆಂಡತಿ ಅರ್ಧ ಮಾತಿಗೆ ನಿಂತರು. ಹದಿನಾಲ್ಕು ವರ್ಷದಿಂದ ಆಕೆಯ ಮಾತಿಗೆ ಯಾರೂ ಅಡ್ಡ ಬಂದಿರಲಿಲ್ಲ. ಕೈ ಚಾಚಿ, ತಡಕಾಡಿ, ಗಂಡನ ತೋಳಿನ ಬಟ್ಟೆಯನ್ನು ಹಿಡಿದುಕೊಂಡರು. ಮುಖದ ತುಂಬ ನಗುವಿತ್ತು.

"ಹೇಳಿ," ಎಂದರು. "ನೀವೇ ಹೇಳಿ. ನಾನು ಕೇಳ್ತಾ ಕೂತಿದ್ದೀನಿ."

ಕಂಡಕ್ಟರು ಟೈಪ್ ಮಾಡತೊಡಗಿದರು. ಅವರ ಬೆರಳು ನಿಧಾನವಾಗಿತ್ತು, ಆಕೆಗೆ ಯಾವ ಅವಸರವೂ ಇರಲಿಲ್ಲ.