ಮರಳಿಗೆ ನೆಟ್ಟ ಅಳತೆಕೋಲು

ನಾನು ಶಾಲೆಯ ಆಟದ ಟೀಚರ್. ಹನ್ನೆರಡು ವರ್ಷದಿಂದ ಮಕ್ಕಳ ಫುಟ್‌ಬಾಲ್ ಪಂದ್ಯಗಳಿಗೆ ಸೀಟಿ ಊದುತ್ತಿದ್ದೇನೆ. ಊರಿಗೊಂದು ನಿಯಮ. ಕಾರ್ಕಳದಲ್ಲಿ ಒಂದು, ಮಣಿಪಾಲದಲ್ಲಿ ಇನ್ನೊಂದು. ಕಾಪುವಿಗೆ ಬಂದರೆ ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು! ಬರೆದು ಕೊಡಿ ಎಂದರೆ ಯಾರಿಗೂ ಪೆನ್ನು ಸಿಗುವುದಿಲ್ಲ.

ಕಾಪು ಕಡಲತೀರದ ಪಂದ್ಯಾವಳಿಯಲ್ಲಿ ವಯಸ್ಸಿನ ದಾಖಲೆ ಕೇಳುವುದಿಲ್ಲ. ಮರಳಿನಲ್ಲಿ ಬಿದಿರಿನ ಕೋಲು ನೆಟ್ಟು, ಐದಡಿಗೆ ಕೆಂಪು ಗೆರೆ ಎಳೆದಿರುತ್ತಾರೆ. ತಲೆ ಗೆರೆಯ ಕೆಳಗಿದ್ದರೆ ಆಟ, ಮೇಲಿದ್ದರೆ ಮನೆ. ಬಜಗೋಳಿ ತಂಡದ ಗೋಲ್‌ಕೀಪರ್ ಆಶ್ರಿತಾಳನ್ನು ಬೆಳಿಗ್ಗೆ ನಾನೇ ನಿಲ್ಲಿಸಿ ನೋಡಿದ್ದೆ. ಗೆರೆಗೆ ಒಂದು ಬೆರಳು ಕಮ್ಮಿ.

"ಮುಂದಿನ ವರ್ಷ ನನಗೆ ಇಲ್ಲಿ ಆಡ್ಲಿಕ್ಕೆ ಆಗುವುದಿಲ್ಲ ಅಲ್ವಾ ಟೀಚರ್?" ಎಂದು ಕೇಳಿದ್ದಳು. ಆಮೇಲೆ ಎರಡು ಪಂದ್ಯಗಳಲ್ಲಿ ಒಂದು ಗೋಲನ್ನೂ ಬಿಡಲಿಲ್ಲ.

ಸೆಮಿಫೈನಲ್‌ಗೆ ಮೊದಲು ಸಂಘಟಕ ದೂಮಪ್ಪಣ್ಣ ಮೈಕ್ ಹಿಡಿದರು. "ಈಗ ಆಡುವವರಿಗೆಲ್ಲ ಮತ್ತೊಮ್ಮೆ ಅಳತೆ ಉಂಟು."

"ಇದೆಂತ ಹೊಸ ನಿಯಮ ದೂಮಪ್ಪಣ್ಣ? ಯಾವಾಗ ಬಂತು?"

"ಊಟಕ್ಕೆ ಕೂತಾಗ ಕಮಿಟಿಯವರು ಮಾಡಿದ್ದು ಟೀಚರೇ. ನೀವು ನೋಡಿ ಹೇಳಿ, ಸಾಕು."

ಮೈಯೆಲ್ಲ ಉರಿಯಿತು. ಆದರೂ ನೋಡಿದೆ. ಉಳಿದವರೆಲ್ಲ ಕುಳ್ಳರು, ಪಾಸಾದರು. ಆಶ್ರಿತಾಳ ತಲೆ ಮಾತ್ರ ಗೆರೆಗಿಂತ ಎರಡು ಬೆರಳು ಮೇಲೆ!

"ಬೆಳಿಗ್ಗೆ ಸರಿ ಇತ್ತಲ್ಲ ಟೀಚರ್?"

"ಗೆರೆ ಹೇಳಿದ್ದನ್ನೇ ನಾನು ಹೇಳಬೇಕು" ಎಂದು ಅವಳ ಹೆಸರಿಗೆ ಗೀಟು ಎಳೆದೆ. ಎಂಥ ಮಾತು! ಒಂದು ಊಟದ ಹೊತ್ತಿನಲ್ಲಿ ಯಾವ ಮಗು ಮೂರು ಬೆರಳು ಬೆಳೆಯುತ್ತದೆ ಎಂದು ಯೋಚಿಸುವ ಬುದ್ಧಿ ನನಗಾದರೂ ಬೇಡವೇ? ಕೀಪರ್ ಇಲ್ಲದ ಬಜಗೋಳಿ ನಾಲ್ಕು ಗೋಲು ತಿಂದು ಸೋತಿತು.

ಫೈನಲ್‌ಗೆ ಮುಂಚೆ ದೂಮಪ್ಪಣ್ಣ ಕಲ್ಲು ಹಿಡಿದು ಕೋಲಿನ ತಲೆಗೆ ಕುಟ್ಟುತ್ತಿದ್ದರು.

"ಎಂತ ಮಾಡ್ತಿದ್ದೀರಿ?"

"ಗಾಳಿಗೆ ವಾಲ್ತದೆ ಮಾರಾಯ್ರೆ. ಮಧ್ಯಾಹ್ನವೂ ನಾಲ್ಕು ಪೆಟ್ಟು ಹಾಕಿದ್ದೆ."

ಪಾಪ, ಅವರಿಗೆ ಏನೂ ಹೊಳೆದಿರಲಿಲ್ಲ. ನನಗೆ ಮಾತ್ರ ಪಿತ್ತ ನೆತ್ತಿಗೇರಿತು. ಬ್ಯಾಗಿನಿಂದ ಟೇಪ್ ತೆಗೆದು ಮರಳಿನಿಂದ ಗೆರೆಯವರೆಗೆ ಹಿಡಿದೆ. ನಾಲ್ಕಡಿ ಒಂಬತ್ತು ಇಂಚು! ಆ ಟೇಪ್ ಇಡೀ ದಿನ ನನ್ನ ಬ್ಯಾಗಿನಲ್ಲೇ ಇತ್ತು.

"ಸೆಮಿಫೈನಲ್ ಮತ್ತೆ ಆಡಿಸಿ" ಎಂದೆ.

"ಅಯ್ಯೋ, ಮುಗಿದದ್ದನ್ನು ಮತ್ತೆ ಆಡಿಸುವ ನಿಯಮ ಇಲ್ಲ ಟೀಚರೇ."

"ಊಟದ ಹೊತ್ತಿಗೆ ನಿಯಮ ಹುಟ್ಟಿಸಿದ ಕಮಿಟಿ ಈಗ ಎಲ್ಲಿಗೆ ಹೋಯಿತು? ನಾಚಿಕೆ ಆಗುವುದಿಲ್ಲವಾ ನಿಮಗೆ?" ಸೀಟಿಯನ್ನು ಅವರ ಕೈಗೆ ತುರುಕಿದೆ. "ಫೈನಲ್‌ಗೆ ನೀವೇ ಊದಿ!"

ಬಜಗೋಳಿಯ ಮಕ್ಕಳು ರಸ್ತೆ ಬದಿಯಲ್ಲಿ ಟೆಂಪೋ ಕಾಯುತ್ತಿದ್ದರು. ಆಶ್ರಿತಾಳ ಕೈಯಲ್ಲಿ ಇನ್ನೂ ಗ್ಲೌಸ್ ಇತ್ತು.

"ತಪ್ಪು ನನ್ನದು ಮಗಾ. ನೀನು ಎತ್ತರ ಇರಲಿಲ್ಲ, ಕೋಲೇ ಮರಳಿಗೆ ಇಳಿದಿತ್ತು. ಬಾ, ಎಲ್ಲರೆದುರೇ ಸರಿಯಾಗಿ ಅಳೆಯುತ್ತೇನೆ."

ಅವಳು ಬಂದು ನಿಂತಳು. ಟೇಪ್ ಹಿಡಿದರೆ ಬೆಳಿಗ್ಗೆಯ ಲೆಕ್ಕಕ್ಕಿಂತ ತುಂಬ ಕಮ್ಮಿ ಬಂತು. ಕೆಳಗೆ ನೋಡಿದೆ, ಮೊಣಕಾಲು ಮಡಚಿದ್ದಳು.

"ನೆಟ್ಟಗೆ ನಿಲ್ಲು."

"ಬೇಡ ಟೀಚರ್" ಎಂದಳು, ಕುತ್ತಿಗೆಯನ್ನೂ ಒಳಗೆಳೆದುಕೊಂಡು. "ಹೀಗೇ ಅಳೆಯಿರಿ."